ಹೃದಯಕ್ಕೆ ರಕ್ತ ಕೊಡುವವರು ಯಾರು? – ರೇಮೊಂ ವ್ಯೂಸಾನ್ಸ್‌ನ ಜೀವನ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಜೀವಕ್ರಿಯೆಗಳು ಎಂಬ ಅಧ್ಯಾಯವಿದೆ. ಅದರಲ್ಲಿ ಹೃದಯದ ಪಾಠ ನನ್ನ ಪಾಲಿಗೆ ಬಂದದ್ದು ಅಭ್ಯಾಸ ಬೋಧನೆಯ ಮೂರನೆಯ ವಾರದಲ್ಲಿ, ರೋಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ರಾತ್ರಿ ಹನ್ನೊಂದರವರೆಗೆ ಕುಳಿತು ಥರ್ಮೋಕೋಲಿನಲ್ಲಿ ಮಾದರಿ ಮಾಡಿದ್ದೆ. ನಾಲ್ಕು ಕೋಣೆ, ನಾಲ್ಕು ಕವಾಟ, ಆಮ್ಲಜನಕ ಇರುವ ರಕ್ತಕ್ಕೆ ಕೆಂಪು, ಇಲ್ಲದ ರಕ್ತಕ್ಕೆ ನೀಲಿ. ಹೃತ್ಕರ್ಣ, ಹೃತ್ಕುಕ್ಷಿ ಎಂಬ ಮಾತುಗಳು ಮಕ್ಕಳ ನಾಲಿಗೆಗೆ ಹೊರಳದೇ ಹೋದಾಗ ಮೇಲಿನ ಕೋಣೆ, ಕೆಳಗಿನ ಕೋಣೆ ಎಂದು ಹೇಳಿಕೊಂಡು ಹೋದೆ. ಪಾಠ ಚೆನ್ನಾಗಿಯೇ ನಡೆಯಿತು ಎಂದುಕೊಂಡಿದ್ದೆ.

ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಊರಿಗೆಲ್ಲ ನೀರು ಬಿಡುವ ವಾಟರ್‌ಮನ್ ಮನೆಗೂ ನೀರು ಬೇಕಲ್ಲ, ಹಾಗೆಯೇ ಎಲ್ಲ ಕಡೆಗೂ ರಕ್ತ ಕಳಿಸುವ ಹೃದಯಕ್ಕೆ ರಕ್ತ ಯಾರು ಕೊಡುತ್ತಾರೆ ಎಂದು ಕೇಳಿದಳು. ವಾರಕ್ಕೊಮ್ಮೆ ನಲ್ಲಿ ಬರುವ ಊರಿನ ಮಗುವಿಗೆ ಈ ಪ್ರಶ್ನೆ ಬರುವುದು ಸಹಜ. ನಾನು ಸ್ವಲ್ಪವೂ ಯೋಚಿಸದೆ, ಹೃದಯದ ಒಳಗೆ ಯಾವಾಗಲೂ ರಕ್ತ ತುಂಬಿಯೇ ಇರುತ್ತದೆ, ಅದರಿಂದಲೇ ತೆಗೆದುಕೊಳ್ಳುತ್ತದೆ ಎಂದು ಹೇಳಿ ಕೂಡಿಸಿದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಸಂಜೆ ನೋಡಿದರೆ ಎರಡೇ ಪದ: ವಿಷಯ ದೋಷ.

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ ಬಂದ ನನಗೆ ಅದು ನಾಚಿಕೆಯ ಮಾತು. ಉತ್ತರ ನನಗೆ ಗೊತ್ತಿರಬೇಕಿತ್ತು, ಗೊತ್ತಿತ್ತು ಕೂಡ. ಕರೋನರಿ ಅಪಧಮನಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೆ ಅದು ಬೇರೆ ಹಾಳೆಯ ವಿಷಯ, ಇದು ಬೇರೆ ಹಾಳೆಯ ವಿಷಯ ಎಂಬಂತೆ ತಲೆಯಲ್ಲಿ ಇತ್ತು. ಮರುದಿನ ಗ್ರಂಥಾಲಯದಲ್ಲಿ ಕುಳಿತು ಹುಡುಕುತ್ತ ಹೋದಾಗ, ಇದೇ ಪ್ರಶ್ನೆಯ ಹಿಂದೆ ಬಿದ್ದು ಜೀವನದ ಕೊನೆಯ ಹತ್ತು ವರ್ಷ ಕಳೆದ ಒಬ್ಬ ಫ್ರೆಂಚ್ ವೈದ್ಯನ ಪರಿಚಯವಾಯಿತು. ನಮ್ಮ ಶಾಲಾ ಪುಸ್ತಕಗಳಲ್ಲಿ ವಿಲಿಯಂ ಹಾರ್ವೆಯ ಹೆಸರು ಇದೆ, ಈತನ ಹೆಸರು ಇಲ್ಲ. ವೈದ್ಯಕೀಯ ಓದುವವರಿಗೆ ಮಾತ್ರ ಈತ ದಿನನಿತ್ಯದ ಹೆಸರು. ಹೃದಯದಲ್ಲೇ ಒಂದು ಕವಾಟ, ಒಂದು ಉಂಗುರ ಈತನ ಹೆಸರಿನಲ್ಲಿವೆ.

ರೇಮೊಂ ವ್ಯೂಸಾನ್ಸ್ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನಲ್ಲಿ. ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1635, ಕೆಲವುಗಳಲ್ಲಿ 1641. ತತ್ವಶಾಸ್ತ್ರ ಓದಿದ ಮೇಲೆ ಮೋಂಪೆಲಿಯೇ ಎಂಬ ಊರಿಗೆ ಬಂದು ವೈದ್ಯಶಾಸ್ತ್ರ ಕಲಿತ. ಮೋಂಪೆಲಿಯೇ ಅಂದರೆ ಆಗಲೇ ವೈದ್ಯರ ಊರು. ಅಲ್ಲಿಯ ವೈದ್ಯಶಾಲೆ ಯುರೋಪಿನ ಬಹಳ ಹಳೆಯ ಶಾಲೆಗಳಲ್ಲಿ ಒಂದು, ಶವಚ್ಛೇದನಕ್ಕೆಂದೇ ಕಟ್ಟಿದ ಸಭಾಂಗಣ ಅಲ್ಲಿ 1556ರಲ್ಲೇ ಇತ್ತು. 1670ರಲ್ಲಿ ಪದವಿ ಪಡೆದ ವ್ಯೂಸಾನ್ಸ್ ಮರುವರ್ಷವೇ ಅಲ್ಲಿಯ ಸೇಂಟ್ ಎಲ್ವಾ ಆಸ್ಪತ್ರೆಗೆ ವೈದ್ಯನಾಗಿ ಸೇರಿದ. ಮಕ್ಕಳಿಗೆ ಈ ಕಾಲ ತಿಳಿಯಲೆಂದು ನಾನು ಹೇಳಿದ್ದು ಇಷ್ಟು: ಶಿವಾಜಿಗೆ ರಾಯಗಡದಲ್ಲಿ ಪಟ್ಟಾಭಿಷೇಕವಾದದ್ದು 1674ರಲ್ಲಿ, ನಮ್ಮ ನರಗುಂದದ ಗುಡ್ಡದ ಮೇಲಿನ ಕೋಟೆಯೂ ಅದೇ ಕಾಲದ್ದು. ಆ ಕೋಟೆಯ ಕಲ್ಲು ಏರುತ್ತಿದ್ದ ದಿನಗಳಲ್ಲಿ ಆತ ಮೋಂಪೆಲಿಯೇಯಲ್ಲಿ ಹೆಣ ಕೊಯ್ಯುತ್ತಿದ್ದ.

ಈ ಹೆಣ ಕೊಯ್ಯುವ ಮಾತನ್ನು ತರಗತಿಯಲ್ಲಿ ಹೇಗೆ ಹೇಳುವುದು ಎಂದು ನಾನು ಬಹಳ ಯೋಚಿಸಿದೆ. ಬಿಡಲು ಮಾತ್ರ ಬರುವುದಿಲ್ಲ, ಏಕೆಂದರೆ ಆತನ ಬದುಕೆಲ್ಲ ಅದೇ. ವಿಶ್ವವಿದ್ಯಾಲಯದಲ್ಲಿ ಆತನಿಗೆ ಪ್ರಾಧ್ಯಾಪಕನ ಪೀಠ ಸಿಗಲಿಲ್ಲ. ಸಿಕ್ಕಿದ್ದು ಆಸ್ಪತ್ರೆ. ಅಂದಿನ ಆಸ್ಪತ್ರೆ ಎಂದರೆ ಬಡವರು, ದಿಕ್ಕಿಲ್ಲದವರು ಬಂದು ಬೀಳುವ ಜಾಗ. ಹಣವಿದ್ದವರು ಮನೆಗೇ ವೈದ್ಯರನ್ನು ಕರೆಸಿಕೊಳ್ಳುತ್ತಿದ್ದರು. ಸೇಂಟ್ ಎಲ್ವಾದಲ್ಲಿ ವ್ಯೂಸಾನ್ಸ್ ಬದುಕಿದ್ದವರ ನಾಡಿ ನೋಡುತ್ತಿದ್ದ, ತೀರಿಕೊಂಡವರ ದೇಹ ತೆರೆದು ನೋಡುತ್ತಿದ್ದ. ಹೀಗೆ ಆತ ತೆರೆದ ದೇಹಗಳು 500 ಎಂದು ಲೆಕ್ಕ ಕೊಡುತ್ತಾರೆ. ಆ 500 ಜನರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಆತನ ಹೆಸರಿನ ಜೊತೆ ಇದನ್ನೂ ಹೇಳಬೇಕು ಎಂದು ನನ್ನ ಅಭಿಪ್ರಾಯ. ಇವತ್ತು ನಮ್ಮ ಭಾಗದಲ್ಲಿ ದೇಹದಾನ ಎಂದರೆ ಇಷ್ಟಪಟ್ಟು ಬರೆದುಕೊಟ್ಟು ಹೋಗುವುದು. 2010ರಲ್ಲಿ ಬೆಳಗಾವಿಯಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಡಾ. ಮಹಾಂತೇಶ ರಾಮಣ್ಣವರ ಅವರು, ತಮ್ಮ ತಂದೆ ದಾನ ಮಾಡಿಹೋದ ದೇಹವನ್ನು ತಂದೆಯ ಇಚ್ಛೆಯಂತೆಯೇ ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಮಾಡಿದರು. ಇದನ್ನು ಹೇಳಿದಾಗ ತರಗತಿ ಪೂರ್ತಿ ಸುಮ್ಮನಾಯಿತು. ಆಮೇಲೆ ಹೆಣದ ಮಾತಿಗೆ ಯಾರೂ ಮುಖ ಸಿಂಡರಿಸಲಿಲ್ಲ.

ವ್ಯೂಸಾನ್ಸ್ ಮೊದಲು ಹೆಸರು ಮಾಡಿದ್ದು ಹೃದಯದಿಂದ ಅಲ್ಲ, ಮಿದುಳಿನಿಂದ. ಸತ್ತ ಮನುಷ್ಯನ ಮಿದುಳು ಗಟ್ಟಿ ಮೊಸರಿನಂತೆ ಮೆತ್ತಗೆ. ಚಾಕು ಇಟ್ಟರೆ ಕಲಸಿಹೋಗುತ್ತದೆ. ಫಾರ್ಮಲಿನ್ ಇನ್ನೂ ಬಂದಿರದ ಕಾಲ ಅದು. ಆತ ಮಿದುಳನ್ನು ಎಣ್ಣೆಯಲ್ಲಿ ಕುದಿಸಿ ಗಟ್ಟಿ ಮಾಡಿಕೊಂಡು, ಆಮೇಲೆ ಸ್ವಲ್ಪಸ್ವಲ್ಪವಾಗಿ ಕೆರೆಯುತ್ತ ಒಳಗಿನ ಬಿಳಿಯ ಎಳೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ನೋಡಿದ. ಹತ್ತು ವರ್ಷಗಳ ಈ ಕೆಲಸ ನರಮಂಡಲದ ಬಗ್ಗೆ ಲ್ಯಾಟಿನ್ ಭಾಷೆಯ ದೊಡ್ಡ ಪುಸ್ತಕವಾಗಿ 1684ರಲ್ಲಿ ಲಿಯೋಂ ನಗರದಲ್ಲಿ ಅಚ್ಚಾಯಿತು. ಅದರಿಂದ ಆತನಿಗೆ ಲಂಡನ್ನಿನ ರಾಯಲ್ ಸೊಸೈಟಿ ಮತ್ತು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗಳ ಮನ್ನಣೆ ಸಿಕ್ಕಿತು. ದೊರೆ ಹದಿನಾಲ್ಕನೆಯ ಲೂಯಿಯ ದೊಡ್ಡಪ್ಪ-ಚಿಕ್ಕಪ್ಪನ ಸಂಬಂಧದ ಅಕ್ಕ, ಮೋಂಪಾನ್ಸಿಯೇ ರಾಜಕುಮಾರಿ, ಆತನನ್ನು ತನ್ನ ವೈದ್ಯನಾಗಿ ಪ್ಯಾರಿಸ್ಸಿಗೆ ಕರೆಸಿಕೊಂಡಳು. 1693ರಲ್ಲಿ ಅವಳು ತೀರಿಕೊಂಡ ಮೇಲೆ ಆತ ಅಲ್ಲಿ ನಿಲ್ಲದೆ ತನ್ನ ಹಳೆಯ ಆಸ್ಪತ್ರೆಗೇ ಮರಳಿದ.

ಮರಳಿ ಬಂದವನು ಮೊದಲು ಬಿದ್ದದ್ದು ಒಂದು ತಪ್ಪು ದಾರಿಗೆ. ರಕ್ತದಲ್ಲಿ ಆಮ್ಲದ ಲವಣವೊಂದು ಇದೆ, ತಾನು ಅದನ್ನು ಬೇರ್ಪಡಿಸಿ ತೆಗೆದಿದ್ದೇನೆ ಎಂದು ಸಾರಿದ. ಅದೇ ಊರಿನ ಪ್ರಾಧ್ಯಾಪಕ ಪಿಯೇರ್ ಶಿರಾಕ್, ಅದನ್ನು ಮೊದಲು ಕಂಡದ್ದು ತಾನು ಎಂದು ಜಗಳಕ್ಕೆ ನಿಂತ. 1698ರ ಸುಮಾರಿಗೆ ಇಬ್ಬರೂ ಪುಸ್ತಕ ಅಚ್ಚುಹಾಕಿಸಿ ಒಬ್ಬರನ್ನೊಬ್ಬರು ಬೈದುಕೊಂಡರು. ಕೊನೆಗೆ ನೋಡಿದರೆ ಇಬ್ಬರೂ ಜಗಳವಾಡಿದ ಆ ಸಂಗತಿಗೆ ಬೆಲೆಯೇ ಉಳಿಯಲಿಲ್ಲ. ನಮ್ಮ ರಕ್ತ ಆಮ್ಲೀಯವಲ್ಲ, ಸ್ವಲ್ಪ ಪ್ರತ್ಯಾಮ್ಲೀಯ, ಪಿ.ಎಚ್. 7.4ರ ಆಸುಪಾಸು. ಲಿಟ್ಮಸ್ ಪಾಠ ಮಾಡುವ ಗೆಳೆಯರು ಈ ಜಗಳವನ್ನು ಬಳಸಿಕೊಳ್ಳಬಹುದು.

ಹೃದಯದ ಕೆಲಸ ಶುರುವಾಗುವುದು ಇದಾದ ಮೇಲೆ. ಆತನಿಗಿಂತ ಮೊದಲು ಏನಾಗಿತ್ತು ಎಂದು ತಿಳಿದರೆ ಆತ ಮಾಡಿದ್ದು ಅರ್ಥವಾಗುತ್ತದೆ. 1628ರಲ್ಲಿ ಹಾರ್ವೆ, ರಕ್ತ ಹೃದಯದಿಂದ ಹೊರಟು ದೇಹ ಸುತ್ತಿ ಹೃದಯಕ್ಕೇ ಬರುತ್ತದೆ ಎಂದು ತೋರಿಸಿದ. 1661ರಲ್ಲಿ ಇಟಲಿಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಸೂಕ್ಷ್ಮದರ್ಶಕದಿಂದ ನೋಡಿ, ಸುತ್ತಿನಲ್ಲಿ ಕಾಣದಿದ್ದ ತುಂಡನ್ನು ಕೂಡಿಸಿದ. ಹೃದಯದ ಮೈಮೇಲೆ ಎರಡು ಅಪಧಮನಿಗಳು ಹಬ್ಬಿರುವುದನ್ನು ಪುರಾತನರೇ ಕಂಡಿದ್ದರು. ತಲೆಗೆ ಕಿರೀಟದಂತೆ ಹೃದಯವನ್ನು ಸುತ್ತುವುದರಿಂದ ಅವಕ್ಕೆ ಕರೋನರಿ ಎಂಬ ಹೆಸರು. ಲ್ಯಾಟಿನ್ನಿನಲ್ಲಿ ಕರೋನಾ ಎಂದರೆ ಕಿರೀಟ. ಈ ಮಾತು ಹೇಳಿದ ಕೂಡಲೇ ಮಕ್ಕಳೆಲ್ಲ ವೈರಸ್ಸಿನ ಚಿತ್ರ ನೆನೆದು ನಕ್ಕರು. ಮಹಾಪಧಮನಿ ಹೃದಯದಿಂದ ಹೊರಡುವ ಕವಾಟದ ಸ್ವಲ್ಪ ಮೇಲೆ ಎರಡು ಚಿಕ್ಕ ಬಾಯಿಗಳಿವೆ, ಕರೋನರಿಗಳು ಅಲ್ಲಿಂದ ಕವಲೊಡೆಯುತ್ತವೆ. ಎಂದರೆ ಹೃದಯ ಊರಿಗೆ ನೀರು ಬಿಡುವಾಗ ಮೊದಲ ನಲ್ಲಿ ತನ್ನ ಮನೆಯದೇ. ನಾವು ಸುಮ್ಮನೆ ಕುಳಿತಿರುವಾಗಲೂ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ನೂರಕ್ಕೆ ಐದು ಪಾಲು ಅದರ ಸ್ವಂತ ಸ್ನಾಯುವಿಗೇ ಹೋಗುತ್ತದೆ.

ಹೋದ ರಕ್ತ ಆಮೇಲೆ ಎಲ್ಲಿ ಹೋಗುತ್ತದೆ, ಹೃದಯದ ದಪ್ಪ ಸ್ನಾಯುವಿನ ಒಳಗೆ ಅದರ ದಾರಿ ಯಾವುದು? ಬರಿಗಣ್ಣಿಗೆ ಕಾಣುವುದಿಲ್ಲ. ವ್ಯೂಸಾನ್ಸ್ ಮಾಡಿದ ಉಪಾಯ ಬಹಳ ಸರಳ. ಹೃದಯಕ್ಕೆ ರಕ್ತ ಬರುವ ದೊಡ್ಡ ಅಭಿಧಮನಿಗಳನ್ನು ದಾರದಿಂದ ಕಟ್ಟಿದ. ಮದ್ಯಸಾರದಲ್ಲಿ ಕೇಸರಿ ನೆನೆಹಾಕಿ ಹಳದಿ ಬಣ್ಣ ತೆಗೆದ. ಆ ಬಣ್ಣವನ್ನು ಪಿಚಕಾರಿಯಿಂದ ಕರೋನರಿ ಅಪಧಮನಿಗೆ ಒತ್ತಿದ. ಆಮೇಲೆ ಹೃದಯವನ್ನು ತೆರೆದು ನೋಡಿದರೆ, ಒಳಗೋಡೆಯ ಮೇಲೆ, ಹೃತ್ಕರ್ಣಗಳಲ್ಲೂ ಹೃತ್ಕುಕ್ಷಿಗಳಲ್ಲೂ, ಬಣ್ಣ ಸಣ್ಣಸಣ್ಣ ಬಾಯಿಗಳಿಂದ ಜಿನುಗುತ್ತಿತ್ತು. ಎಂದರೆ ಕರೋನರಿಗೆ ಹೋದ ರಕ್ತವೆಲ್ಲ ದೊಡ್ಡ ಅಭಿಧಮನಿಯಲ್ಲೇ ಮರಳುವುದಿಲ್ಲ, ಸ್ವಲ್ಪ ಭಾಗ ನೇರವಾಗಿ ಹೃದಯದ ಕೋಣೆಗಳಿಗೇ ಇಳಿಯುತ್ತದೆ. 1706ರಲ್ಲಿ ಇದನ್ನು ಹೃದಯದ ಹೊಸ ಶೋಧಗಳು ಎಂಬ ಅರ್ಥದ ಹೆಸರಿನಲ್ಲಿ ಪ್ರಕಟಿಸಿದ. ಎರಡು ವರ್ಷದ ನಂತರ ಜರ್ಮನಿಯ ತೆಬೇಸಿಯಸ್ ಎಂಬ ತರುಣ ತನ್ನ ಪ್ರಬಂಧದಲ್ಲಿ ಈ ಬಾಯಿಗಳ ಬಗ್ಗೆ ಬರೆದ. ಈಗ ಬಹುಪಾಲು ಪುಸ್ತಕಗಳಲ್ಲಿ ಅವು ತೆಬೇಸಿಯಸ್ಸನ ಹೆಸರಿನಲ್ಲೇ ಇವೆ. ಶಿರಾಕ್‌ನ ಮೇಲೆ ಬೇಡದ ವಿಷಯಕ್ಕೆ ಜಗಳವಾಡಿದವನಿಗೆ ಬೇಕಾದ ವಿಷಯದಲ್ಲಿ ಹೆಸರು ಅರ್ಧವೇ ಉಳಿಯಿತು.

ಇಲ್ಲಿ ನನಗೆ ಒಂದು ಸಮಾಧಾನವೂ ಸಿಕ್ಕಿತು. ನಾನು ತರಗತಿಯಲ್ಲಿ ಹೇಳಿದ ಉತ್ತರ ಮನುಷ್ಯನಿಗೆ ತಪ್ಪು, ಕಪ್ಪೆಗೆ ಸರಿ. ಕಪ್ಪೆಯ ಹೃತ್ಕುಕ್ಷಿಯ ಗೋಡೆ ಸ್ಪಂಜಿನಂತೆ ಇದ್ದು, ಒಳಗೆ ತುಂಬಿದ ರಕ್ತವೇ ಅದರ ಸಂದುಗಳಿಗೆ ಇಳಿದು ಸ್ನಾಯುವನ್ನು ಸಾಕುತ್ತದೆ. ಮನುಷ್ಯನ ಹೃತ್ಕುಕ್ಷಿಯ ಗೋಡೆ ದಪ್ಪ. ಒಳಮೈಯ ತೆಳು ಪದರ ಮಾತ್ರ ಹಾಗೆ ಬದುಕೀತು, ಉಳಿದದ್ದಕ್ಕೆ ಕರೋನರಿಯೇ ಬೇಕು. ಅದಕ್ಕೇ ಕೋಣೆಯ ತುಂಬ ರಕ್ತವಿದ್ದರೂ, ಗೋಡೆಯ ಒಂದು ಕರೋನರಿ ಕವಲು ಕಟ್ಟಿಕೊಂಡರೆ ಹೃದಯಾಘಾತವಾಗುತ್ತದೆ. ಮರುದಿನ ತರಗತಿಗೆ ಹೋಗಿ, ನಿನ್ನೆ ನಾನು ಹೇಳಿದ್ದು ಕಪ್ಪೆಯ ಉತ್ತರ ಎಂದು ಒಪ್ಪಿಕೊಂಡೆ. ಮಕ್ಕಳಿಗೆ ಅದು ಪಾಠಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯಿತು. ಎರಡು ದಿನ ನನ್ನನ್ನು ನೋಡಿದಾಗಲೆಲ್ಲ ಒಬ್ಬಿಬ್ಬರು ವಟಗುಟ್ಟಿದ್ದೂ ಉಂಟು.

ಬಣ್ಣ ಹಾಕಿ ಕಾಣದ ದಾರಿ ನೋಡುವುದನ್ನು ಮಕ್ಕಳಿಗೆ ತೋರಿಸಬೇಕಿತ್ತು. ಮಟನ್ ಅಂಗಡಿಯಿಂದ ಆಡಿನ ಹೃದಯ ತರೋಣವೆಂದರೆ, ತರಗತಿಯಲ್ಲಿ ಮಾಂಸ ಮುಟ್ಟದ ಮನೆಗಳ ಮಕ್ಕಳು ಬಹಳ. ಮುಖ್ಯ ಗುರುಗಳು ಬೇಡ ಎಂದರು, ನಾನೂ ಒತ್ತಾಯಿಸಲಿಲ್ಲ. ಬಿಳಿ ಸೇವಂತಿಗೆಯ ನಾಲ್ಕು ದಂಟುಗಳನ್ನು ಬೆಳಗಿನ ಪ್ರಾರ್ಥನೆಗೂ ಮೊದಲು ಕೆಂಪು ಇಂಕಿನ ನೀರಿನಲ್ಲಿ ಇಟ್ಟೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಎಸಳುಗಳ ಅಂಚಿಗೆ ಕೆಂಪು ಏರಿತ್ತು. ದಂಟನ್ನು ಬ್ಲೇಡಿನಿಂದ ಅಡ್ಡ ಕೊಯ್ದಾಗ ಕೆಂಪು ಚುಕ್ಕೆಗಳು ಕಂಡವು. ಗಿಡದಲ್ಲಿ ಹೃದಯವಿಲ್ಲ, ಅಲ್ಲಿ ನೀರು ಏರುವ ಕಾರಣ ಬೇರೆ ಎಂದು ಕೂಡಲೇ ಹೇಳಬೇಕು, ಇಲ್ಲದಿದ್ದರೆ ಹೊಸ ವಿಷಯ ದೋಷವಾಗುತ್ತದೆ. ಕಾಣದ ನಾಳವನ್ನು ಬಣ್ಣ ತೋರಿಸುತ್ತದೆ ಎಂಬಷ್ಟಕ್ಕೆ ಮಾತ್ರ ಈ ಪ್ರಯೋಗ.

ನನಗೆ ವ್ಯೂಸಾನ್ಸ್ ಹತ್ತಿರವಾದದ್ದು ಆತನ ರೋಗಿಗಳ ಮೂಲಕ. ಆಗ ಸ್ಟೆತೊಸ್ಕೋಪ್ ಇಲ್ಲ. ಅದನ್ನು ಇನ್ನೊಬ್ಬ ಫ್ರೆಂಚ್ ವೈದ್ಯ ಲೆನೆಕ್ 1816ರಲ್ಲಿ ಕಂಡುಹಿಡಿದ. ರಕ್ತದೊತ್ತಡ ಅಳೆಯುವ ಸಾಧನವಿಲ್ಲ, ಇ.ಸಿ.ಜಿ. ಇಲ್ಲ. ಇದ್ದದ್ದು ಬೆರಳು ಮತ್ತು ಕಣ್ಣು. ಸುಮಾರು 35 ವರ್ಷದ ಒಬ್ಬ ಆಸ್ಪತ್ರೆಗೆ ಬಂದ. ಮುಖ ಬಿಳಿಚಿಕೊಂಡಿತ್ತು, ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಕೈಯ ನಾಡಿ ಹಿಡಿದರೆ ಅದು ಬಿಗಿದ ತಂತಿಯ ಹಾಗೆ ಬೆರಳಿಗೆ ಬಡಿಯುತ್ತಿತ್ತು. ಅಂಥ ನಾಡಿಯನ್ನು ತಾನು ಎಂದೂ ಕಂಡಿರಲಿಲ್ಲ ಎಂಬುದು ವ್ಯೂಸಾನ್ಸ್‌ನ ಬರಹದಿಂದ ತಿಳಿಯುತ್ತದೆ. ಆತ ಸತ್ತ ಮೇಲೆ ಹೃದಯ ತೆರೆದಾಗ, ಮಹಾಪಧಮನಿಯ ಬಾಯಿಯಲ್ಲಿನ ಅರ್ಧಚಂದ್ರಾಕಾರದ ಕವಾಟಗಳು ಕಲ್ಲಿನಂತೆ ಗಟ್ಟಿಯಾಗಿ, ಅಂಚು ಹರಿದು, ಒಂದಕ್ಕೊಂದು ಕೂಡದಂತಾಗಿದ್ದವು. ಹೊರಗೆ ಹೋದ ರಕ್ತ ಮತ್ತೆ ಒಳಗೆ ಸೋರುತ್ತಿತ್ತು, ಮುಂದಿನ ಬಡಿತದಲ್ಲಿ ಹೃದಯ ಅದನ್ನೂ ಸೇರಿಸಿ ಜೋರಾಗಿ ತಳ್ಳುತ್ತಿತ್ತು. ಆ ತಳ್ಳುವಿಕೆಯೇ ಬೆರಳಿಗೆ ಬಡಿದ ನಾಡಿ. ಇಂಥ ನಾಡಿಗೆ ಈಗ ಇರುವ ಹೆಸರು ಡಬ್ಲಿನ್ನಿನ ಕಾರಿಗನ್ ಎಂಬ ವೈದ್ಯನದು, ಆತ ಬರೆದದ್ದು 1832ರಲ್ಲಿ.

ಇನ್ನೊಬ್ಬ ರೋಗಿ ಔಷಧ ಮಾರುವವನು, ಮೂವತ್ತರ ಹರೆಯ. ಉಸಿರು ಕಟ್ಟುತ್ತಿತ್ತು, ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು, ಕಾಲು ಬಾತಿತ್ತು, ನಾಡಿ ಸಣ್ಣಗೆ ತಾಳ ತಪ್ಪಿ ಹೊಡೆಯುತ್ತಿತ್ತು. ಅವನ ಹೃದಯದಲ್ಲಿ ಎಡಗಡೆಯ ಎರಡು ಕೋಣೆಗಳ ನಡುವಿನ ದ್ವಿದಳ ಕವಾಟ ಎಲುಬಿನಂತಾಗಿ, ಬಾಯಿ ಬಹಳ ಕಿರಿದಾಗಿತ್ತು. ಬಲಗಡೆಯ ಕೋಣೆ ಮಾತ್ರ ಹಿಗ್ಗಿತ್ತು. ಎಡಕ್ಕೆ ತೊಂದರೆಯಾದರೆ ಬಲ ಏಕೆ ಹಿಗ್ಗಬೇಕು? ವ್ಯೂಸಾನ್ಸ್ ಹಿಂದಿನಿಂದ ಲೆಕ್ಕ ಹಾಕಿದ. ಕಿರಿದಾದ ಬಾಗಿಲ ಮುಂದೆ ರಕ್ತ ನಿಲ್ಲುತ್ತದೆ, ಅದರ ಹಿಂದೆ ಶ್ವಾಸಕೋಶದ ನಾಳಗಳು ತುಂಬುತ್ತವೆ, ಅದಕ್ಕೇ ಉಸಿರು ಕಟ್ಟುವುದು. ಶ್ವಾಸಕೋಶ ತುಂಬಿದರೆ ಅದಕ್ಕೆ ರಕ್ತ ತಳ್ಳುವ ಬಲಗೋಣೆ ಹೆಣಗಿ ಹಿಗ್ಗುತ್ತದೆ. ಕಾಲುವೆಯ ಗೇಟು ಮುಚ್ಚಿದರೆ ನೀರು ಹಿಂದಿನ ಹೊಲಕ್ಕೆ ನುಗ್ಗುವುದನ್ನು ನರಗುಂದದ ಕಡೆಯ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಔಷಧ ಮಾರುವವನ ವರ್ಣನೆ ನಮ್ಮ ಚಿಗವ್ವನದೇ. ಅವಳು ಗಜೇಂದ್ರಗಡದಲ್ಲಿ ಸೀರೆ ನೇಯುತ್ತಾಳೆ. ಎರಡು ವರ್ಷ ಕೊಡ ಹೊತ್ತು ಬಂದರೆ ಏದುಸಿರು, ಮಗ್ಗದಲ್ಲಿ ಕುಳಿತರೆ ಕಾಲು ಬಾವು. ರಕ್ತ ಕಡಿಮೆಯಾಗಿದೆ ಎಂದು ಮನೆಯವರೆಲ್ಲ ಬೀಟ್‌ರೂಟು, ಬೆಲ್ಲ, ಟಾನಿಕ್ಕು ಎಂದು ಕೊಟ್ಟದ್ದೇ ಕೊಟ್ಟದ್ದು. ನಾನೂ ಕೊಟ್ಟವರಲ್ಲಿ ಒಬ್ಬ. ಆಗ ನಾನು ಬಿ.ಎಸ್ಸಿ. ಎರಡನೆಯ ವರ್ಷ. ಹುಬ್ಬಳ್ಳಿಯಲ್ಲಿ ಎಕೊ ಮಾಡಿಸಿದಾಗ ಅದೇ ಕವಾಟ ಕಿರಿದಾಗಿರುವುದು ತಿಳಿಯಿತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, ಸಣ್ಣವಳಿದ್ದಾಗ ಗಂಟಲು ನೋವು, ಜ್ವರ, ಕೀಲು ಬಾವು ಬಂದಿತ್ತೇ ಎಂದು. ಅಜ್ಜಿಗೆ ನೆನಪಿತ್ತು, ಬಂದಿತ್ತು, ತಾನಾಗಿ ಹೋಗಿತ್ತು. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಗಂಟಲಿನ ಒಂದು ಜಾತಿಯ ಬ್ಯಾಕ್ಟೀರಿಯಾ ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರ ಹೀಗೆ ಕವಾಟಗಳನ್ನು ಕೆಡಿಸುತ್ತದೆ, ಕೆಟ್ಟದ್ದು ಎಷ್ಟೋ ವರ್ಷಗಳ ಮೇಲೆ ಗೊತ್ತಾಗುತ್ತದೆ. ಆ ವಯಸ್ಸಿನ ಮಕ್ಕಳೇ ನಮ್ಮ ತರಗತಿಗಳಲ್ಲಿ ಕುಳಿತಿರುವವರು. ಪದೇ ಪದೇ ಗಂಟಲು ನೋವು, ಜೊತೆಗೆ ಕೀಲು ಬಾವು ಎಂದು ರಜೆ ಕೇಳುವ ಮಗುವನ್ನು ಆಸ್ಪತ್ರೆಗೆ ಕಳಿಸಿ ಎಂದು ಹೇಳಲು ವೈದ್ಯರೇ ಆಗಬೇಕಿಲ್ಲ. ಚಿಗವ್ವನಿಗೆ ತೊಡೆಯ ನಾಳದಿಂದ ಬಲೂನು ಏರಿಸಿ ಕವಾಟ ಹಿಗ್ಗಿಸಿದರು. ಈಗ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಮತ್ತೆ ಮಗ್ಗ.

ಮೋಂಪೆಲಿಯೇಯ ವೈದ್ಯನಿಗೆ ಬಲೂನು ಇರಲಿಲ್ಲ, ಪೆನಿಸಿಲಿನ್ನೂ ಇರಲಿಲ್ಲ. ಆತ ಈ ರೋಗಿಗಳಲ್ಲಿ ಒಬ್ಬನನ್ನೂ ಗುಣ ಮಾಡಲಿಲ್ಲ. ಹೃದಯ ಏಕೆ ಮಿಡಿಯುತ್ತದೆ ಎಂಬುದಕ್ಕೆ ಆತ ಕೊಟ್ಟ ಉತ್ತರವೂ ನಿಲ್ಲಲಿಲ್ಲ, ರಕ್ತದಲ್ಲಿ ಹಿಟ್ಟು ಹುಳಿಯುವಂಥ ಕ್ರಿಯೆ ನಡೆಯುತ್ತದೆ ಎಂಬ ಹಳೆಯ ರಾಸಾಯನಿಕ ವೈದ್ಯದ ಗುಂಗಿನಿಂದ ಆತ ಹೊರಗೆ ಬರಲೇ ಇಲ್ಲ. ನಿಂತದ್ದು ಕಣ್ಣಿಂದ ಕಂಡು ಬರೆದದ್ದು. ಜೀವಂತ ರೋಗಿಯ ಲಕ್ಷಣ ಒಂದು ಕಡೆ, ಸತ್ತ ಮೇಲೆ ಕಂಡ ಹೃದಯ ಇನ್ನೊಂದು ಕಡೆ ಇಟ್ಟು ಎರಡನ್ನೂ ಜೋಡಿಸಿ ಹೃದಯರೋಗವನ್ನು ವಿವರಿಸಿದ ಮೊದಲಿಗರಲ್ಲಿ ಆತ ಒಬ್ಬ.

ಹೃದಯದ ರಚನೆ ಮತ್ತು ಚಲನೆಯ ಬಗ್ಗೆ ಆತನ ದೊಡ್ಡ ಪುಸ್ತಕ 1715ರಲ್ಲಿ ತುಲೂಸ್ ನಗರದಲ್ಲಿ ಹೊರಬಂತು. ಮಿದುಳಿನ ಪುಸ್ತಕವನ್ನು ಲ್ಯಾಟಿನ್ನಿನಲ್ಲಿ ಬರೆದಿದ್ದ ಆತ ಇದನ್ನು ಬರೆದದ್ದು ತನ್ನ ಫ್ರೆಂಚ್ ಭಾಷೆಯಲ್ಲಿ. ಅದೇ ವರ್ಷದ ಆಗಸ್ಟ್ 16ರಂದು ಮೋಂಪೆಲಿಯೇಯಲ್ಲಿ ತೀರಿಕೊಂಡ. 16 ದಿನ ಕಳೆದು, ಸೆಪ್ಟೆಂಬರ್ 1ರಂದು ದೊರೆ ಹದಿನಾಲ್ಕನೆಯ ಲೂಯಿ ಕೂಡ ಸತ್ತ. ಇಡೀ ಫ್ರಾನ್ಸ್ ದೊರೆಯ ಸಾವಿನ ಸುದ್ದಿಯಲ್ಲಿ ಮುಳುಗಿದ್ದಾಗ ಈ ಮುದುಕ ವೈದ್ಯನನ್ನು ಎಷ್ಟು ಜನ ನೆನೆದರೋ.

ಆತನ ಹೆಸರಿನ ಕವಾಟ ಇರುವುದು ಹೃದಯದ ಸ್ವಂತ ರಕ್ತ ಮರಳುವ ದೊಡ್ಡ ಅಭಿಧಮನಿಯ ಕೊನೆಯಲ್ಲಿ, ತೆಳುವಾದ ಸಣ್ಣ ಪೊರೆ. ಪೇಸ್‌ಮೇಕರ್‌ನ ತಂತಿಯನ್ನು ಆ ದಾರಿಯಲ್ಲಿ ತೂರಿಸುವ ವೈದ್ಯರಿಗೆ ಇವತ್ತಿಗೂ ಅದು ಅಡ್ಡ ಸಿಗುವುದುಂಟು. ಉಂಗುರ ಎಂದರೆ ಬಲಗಡೆಯ ಕರೋನರಿಯ ಒಂದು ಚಿಕ್ಕ ಕವಲು ಹೃದಯದ ಮುಂಭಾಗದಲ್ಲಿ ಎಡಗಡೆಯ ಕರೋನರಿಯ ಕವಲಿಗೆ ಕೂಡುವ ಜಾಗ. ಎಡಗಡೆಯದು ನಿಧಾನವಾಗಿ ಕಟ್ಟಿಕೊಳ್ಳುತ್ತ ಬಂದರೆ ಕೆಲವರಲ್ಲಿ ಈ ಸಂದಿಯೇ ಹಿಗ್ಗಿ, ಬಲಗಡೆಯಿಂದ ರಕ್ತವನ್ನು ಒಯ್ದು ಕೊಡುತ್ತದೆ. ಆಂಜಿಯೋಗ್ರಾಂ ಚಿತ್ರದಲ್ಲಿ ಅದು ಬಳೆಯ ಹಾಗೆ ಕಾಣುತ್ತದೆ.

ಅಭ್ಯಾಸ ಬೋಧನೆಯ ಕೊನೆಯ ದಿನ ಹಿಂದಿನ ಬೆಂಚಿನ ಆ ಹುಡುಗಿ ತನ್ನ ನೋಟ್‌ಬುಕ್ ತಂದು ತೋರಿಸಿದಳು. ಹೃದಯದ ಚಿತ್ರ ಬರೆದು ಅದರ ಮೇಲೆ ಕಿರೀಟದ ಹಾಗೆ ಕೆಂಪು ಗೆರೆ ಹಬ್ಬಿಸಿದ್ದಳು, ಮುಂದೆ ಒಂದು ಉಂಗುರ. ಇದು ಎಲ್ಲರಿಗೂ ಇರುತ್ತದೆಯೇ ಎಂದು ಕೇಳಿದಳು. ಎಲ್ಲರಲ್ಲೂ ಕಾಣುವುದಿಲ್ಲ, ಕೆಲವರಲ್ಲಿ ಮಾತ್ರ ಎಂದೆ. ಈ ಸಲ ಪುಸ್ತಕ ನೋಡಿಕೊಂಡೇ ಹೇಳಿದ್ದೆ. ಆ ವೈದ್ಯನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂದು ಕೇಳಿದ್ದಕ್ಕೆ, ಬೋರ್ಡಿನ ಮೇಲೆ ವ್ಯೂಸಾನ್ಸ್ ಎಂದು ಒಮ್ಮೆ, ವಿಯೂಸಾನ್ಸ್ ಎಂದು ಒಮ್ಮೆ ಬರೆದೆ. ಅವಳು ಮೊದಲನೆಯದನ್ನು ಉಂಗುರದ ಪಕ್ಕದಲ್ಲಿ ಬರೆದುಕೊಂಡು ಹೋದಳು.